ಕೆ-19: ಆ ಎಂಟು ಮಂದಿ ಒಳಗ ಹೋಗಬೇಕಾದದ್ದು ಯಾಕ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ನಮ್ಮ ಮಂದಿ ಇವತ್ತಿನ ಮಾತು ಸ್ವಲ್ಪ ಲಕ್ಷ್ಯ ಕೊಟ್ಟು ಕೇಳ್ರಿ. ಯಾಕಂದ್ರ ಇದು ಸಮುದ್ರದ ಕಥಿ ಆದ್ರೂ, ಬಾಯ್ಲರ್ ಮುಂದ ನಿಂತು ದುಡಿಯೋ ಎಲ್ಲಾರಿಗೂ ಸಂಬಂಧಪಟ್ಟದ್ದು.

ಸಿನಿಮಾದ ಹೆಸರು 'ಕೆ-19: ದಿ ವಿಡೋಮೇಕರ್'. 2002ರಾಗ ಬಂತು. ನಿರ್ದೇಶಕಿ ಕ್ಯಾಥರಿನ್ ಬಿಗೆಲೋ. ಹ್ಯಾರಿಸನ್ ಫೋರ್ಡ್, ಲಿಯಾಮ್ ನೀಸನ್ ಸೋವಿಯತ್ ಅಧಿಕಾರಿಗಳ ಪಾತ್ರ ಮಾಡ್ಯಾರ. ಅದರಾಗಿನ ಮುಖ್ಯ ಘಟನೆ 1961ರ ಜುಲೈ 4ರಂದು ಖರೇನ ನಡೆದದ್ದು.

ಆಗ ಅಮೆರಿಕ ಮತ್ತು ಸೋವಿಯತ್ ನಡುವ ಪೈಪೋಟಿ ಜೋರ ಇತ್ತು. ಅಮೆರಿಕದ ಜಾರ್ಜ್ ವಾಷಿಂಗ್ಟನ್ ಸಬ್‌ಮರೀನ್ 1960ರಾಗ ಕ್ಷಿಪಣಿ ಹೊತ್ತು ಗಸ್ತಿಗೆ ಇಳಿದಿತ್ತು. ನಾವು ಹಿಂದ ಬೀಳಬಾರದು ಅಂತ ಸೋವಿಯತ್‌ನವರು ಕೆ-19 ಅನ್ನೂ ಅಣುಶಕ್ತಿ ಸಬ್‌ಮರೀನನ್ನ ಗಡಿಬಿಡಿ ಮಾಡಿ ಕಟ್ಟಿದ್ರು. ರಿಯಾಕ್ಟರ್ ತಂಪು ಮಾಡೂ ನೀರು ನಿಂತ್ರ, ಬದಲಿ ನೀರು ಬಿಡಾಕ ಬೇರೆ ವ್ಯವಸ್ಥಾನ ಅದರಾಗ ಇಟ್ಟಿದ್ದಿಲ್ಲ. ಈ ಒಂದು ಮಾತು ನೆನಪಿಟ್ಟುಕೊಳ್ರಿ.

ಜುಲೈ 4ರಂದು ಉತ್ತರ ಅಟ್ಲಾಂಟಿಕ್‌ದಾಗ ಒಂದು ರಿಯಾಕ್ಟರಿನ ನೀರಿನ ಕೊಳವೆ ಸೋರಿ, ಒತ್ತಡ ಸೊನ್ನೆಗೆ ಇಳೀತು. ರಿಯಾಕ್ಟರ್ ತಾನಾಗಿ ಬಂದ್ ಆತು. ಬಂದ್ ಆದ ಮ್ಯಾಲ ಹೆದರಿಕಿ ಯಾಕ ಅಂತೀರೇನು? ಉಗಾರದ ಸಕ್ಕರಿ ಕಾರ್ಖಾನ್ಯಾಗ ದುಡಿದವರಿಗೆ ಇದು ಲಗೂನ ತಿಳಿತೈತಿ. ಬಾಯ್ಲರಿಗೆ ಬಗ್ಯಾಸ ಹಾಕೂದು ನಿಲ್ಲಿಸಿದ ಕೂಡ್ಲೆ ಕುಲುಮಿ ತಣ್ಣಗಾಗೂದಿಲ್ಲ. ನೀರು ಮಾತ್ರ ಹೋಗ್ತನ ಇರಬೇಕು. ಆದ್ರ ಕುಲುಮಿಯೊಳಗ ಉಳದದ್ದು ಹಳೇ ಕಾವು ಅಷ್ಟ. ರಿಯಾಕ್ಟರಿನಾಗ ಹೊಸಾ ಕಾವು ಹುಟ್ಟತಾನ ಇರ್ತೈತಿ. ಯುರೇನಿಯಂ ಒಡೆದು ಆದ ಹೊಸ ವಸ್ತುಗಳು ಬಂದ್ ಮಾಡಿದ ಮ್ಯಾಲೂ ಉರಿ ಬಿಡ್ತಾವ. ಬಂದ್ ಮಾಡಿದ ಗಳಿಗ್ಯಾಗ ಅದು ಪೂರ್ತಿ ಶಕ್ತಿಯ 6ರಿಂದ 7 ಶತಾಂಶದಷ್ಟು ಇರ್ತೈತಿ. ನೀರಿಲ್ಲದಿದ್ರ ಇಂಧನ ಕರಗಾಕ ಅಷ್ಟ ಸಾಕು.

ಕ್ಯಾಪ್ಟನ್ ನಿಕೊಲಾಯ್ ಝಟೆಯೆವ್ ಅವರ ಕಡೆ ದೂರದ ರೇಡಿಯೋನೂ ಕೆಲಸ ಮಾಡ್ತಿದ್ದಿಲ್ಲ, ಮಾಸ್ಕೋಗೆ ಸುದ್ದಿ ಹೋಗೂ ದಾರಿ ಇದ್ದಿಲ್ಲ. ಸಬ್‌ಮರೀನ್ ಒಳಗ ಇದ್ದವರು 139 ಮಂದಿ. ಗಾಳಿ ಬಿಡೂ ಒಂದು ವಾಲ್ವ್ ಕತ್ತರಿಸಿ, ಅಲ್ಲಿಗೆ ನೀರಿನ ಪೈಪು ವೆಲ್ಡಿಂಗ್ ಮಾಡೂಣು ಅಂತ ಇಂಜಿನಿಯರುಗಳು ಉಪಾಯ ಹೂಡಿದ್ರು. ಆ ಜಾಗಾ ಇದ್ದದ್ದು ವಿಕಿರಣ ತುಂಬಿದ ರಿಯಾಕ್ಟರ್ ಕೋಣಿಯೊಳಗ. ವಿಕಿರಣ ತಡೆಯೂ ಉಡುಪು ಅವರ ಕಡೆ ಇದ್ದಿಲ್ಲ. ಸರದಿ ಮ್ಯಾಲ ಒಳಗ ಹೋದ್ರು, ಪೈಪು ಜೋಡಿಸಿದ್ರು, ರಿಯಾಕ್ಟರ್ ತಣ್ಣಗಾತು. ಎಸ್-270 ಅನ್ನೂ ಡೀಸಲ್ ಸಬ್‌ಮರೀನ್ ಬಂದು ಸಿಬ್ಬಂದಿಯನ್ನ ಹತ್ತಿಸಿಕೊಂಡಿತು. ಕೋಣಿಯೊಳಗ ದುಡಿದ ಎಂಟು ಮಂದಿ ಮೂರು ವಾರದೊಳಗ ತೀರಿಕೊಂಡ್ರು. ಅವರಾಗ ಒಬ್ಬರು ಲೆಫ್ಟಿನೆಂಟ್ ಬೋರಿಸ್ ಕೊರ್ಚಿಲೊವ್, ಜುಲೈ 10ರಂದ ಹೋದ್ರು. ಬದುಕಿದವರ ಬಾಯಿಗೆ ಸರ್ಕಾರ ಬೀಗಾ ಹಾಕಿತು. ಸುಮಾರು ಮೂವತ್ತು ವರ್ಷ ಈ ಸುದ್ದಿ ಹೊರಗ ಬರಲಿಲ್ಲ.

ಈಗ ಸಿನಿಮಾದ ಮಾತು. ಸಿಬ್ಬಂದಿ ತಿರುಗಿಬಿದ್ದು ಕ್ಯಾಪ್ಟನ್‌ಗೆ ಬೇಡಿ ಹಾಕೂದನ್ನ ತೋರಸ್ಯಾರ. ಖರೇ ಸಬ್‌ಮರೀನಿನಾಗ ಅಂಥಾ ದಂಗೆ ಆಗಲಿಲ್ಲ. ದಂಗೆ ಆದೀತು ಅನ್ನೂ ಅಂಜಿಕಿಗೆ ಝಟೆಯೆವ್ ಕೆಲವು ಪಿಸ್ತೂಲು ಬಿಟ್ಟು ಉಳದ ಬಂದೂಕು ಸಮುದ್ರಕ್ಕ ಒಗಿಸಿದ್ರು, ಅಷ್ಟ. ಚಿತ್ರಕಥಿ ಓದಿದ ರಷ್ಯಾದ ಹಳೇ ನಾವಿಕರು ಸಿಟ್ಟಾದದ್ದು ನ್ಯಾಯವಾದದ್ದ. ಇನ್ನೊಂದು ಮಾತು, ರಿಯಾಕ್ಟರ್ ಅಣುಬಾಂಬಿನಂಗ ಸಿಡಿಯೂದಿಲ್ಲ. ಅದು ಕರಗಿ ವಿಷ ಹರಡತೈತಿ. ಸಿನಿಮಾ ಬಾಂಬಿನ ಭಯ ಹಿಗ್ಗಿಸೇತಿ.

ಈ ಸಿನಿಮಾದಂಗ ಇಬ್ಬರು ಅಧಿಕಾರಿಗಳ ಜಗಳದ ಮ್ಯಾಲ ಕಥಿ ನಿಲ್ಲಿಸೂದು ನಮ್ಮಲ್ಲೂ ಐತಿ. 2017ರ ಸಬ್‌ಮರೀನ್ ಸಿನಿಮಾ 'ದಿ ಘಾಝಿ ಅಟ್ಯಾಕ್' ನೋಡ್ರಿ. ಅದರಾಗ ನಮ್ಮ ಬೆಳಗಾವ್ಯಾಗ ಹುಟ್ಟಿದ ಅತುಲ್ ಕುಲಕರ್ಣಿಯವರು ಸಿಟ್ಟಿನ ಕ್ಯಾಪ್ಟನ್ ಮತ್ತು ತಡೆಯೂ ಅಧಿಕಾರಿ, ಈ ಇಬ್ಬರ ನಡುವ ನಿಲ್ಲೂ ದೇವರಾಜ್ ಆಗ್ಯಾರ. ನಾಟಕಕ್ಕ ಜಗಳ ಬೇಕು, ಒಪ್ಪತೀನಿ. ಆದ್ರ ಕೆ-19ರಾಗ ಎಂಟು ಜೀವ ತಗೊಂಡದ್ದು ಜಗಳ ಅಲ್ಲ, ಗಡಿಬಿಡಿ.

ಹಂಗಾದ್ರ ಬ್ಯಾರೆ ದಾರಿ ಇಲ್ಲೇನು? ಐತಿ, ನಮ್ಮ ಉತ್ತರ ಕನ್ನಡದ ಕೈಗಾ ಅಣುವಿದ್ಯುತ್ ಸ್ಥಾವರದಾಗ ಐತಿ. 1994ರ ಮೇ 13ರಂದು ಅಲ್ಲಿ ಕಟ್ಟೂ ಹಂತದಾಗ ಇದ್ದ ಮೊದಲ ಘಟಕದ ಗುಮ್ಮಟದ ಕಾಂಕ್ರೀಟ್ ಕಿತ್ತು ಬಿತ್ತು. ಒಳಗ ಇನ್ನೂ ಯುರೇನಿಯಂ ತುಂಬಿದ್ದಿಲ್ಲ. ಕೆಲಸಾ ನಿಲ್ಲಿಸಿ, ವಿನ್ಯಾಸ ಬದಲಿ ಮಾಡಿ, ಮತ್ತ ಕಟ್ಟಿದ್ರು. ವರ್ಷಗಳು ತಡಾ ಆದ್ವು, 2000ರಾಗ ಕರೆಂಟ್ ಬಂತು. ತುರ್ತಿನಾಗ ರಿಯಾಕ್ಟರ್ ತಂಪು ಮಾಡೂ ಬದಲಿ ವ್ಯವಸ್ಥಾನೂ ಅಲ್ಲಿ ಐತಿ. ಅದ ಮೊದಲ ಘಟಕ 2018ರ ಡಿಸೆಂಬರ್ ತನಕ 962 ದಿನ ಒಮ್ಮೆನೂ ನಿಲ್ಲದಂಗ ನಡದು ಜಗತ್ತಿನ ದಾಖಲೆ ಮಾಡಿತು. ತಡಾ ಆದದ್ದರಿಂದ ನಾಡು ಮುಳುಗಲಿಲ್ಲ.

ಕೊರ್ಚಿಲೊವ್ ಮತ್ತು ಅವರ ಸಂಗಡಿಗರಿಗೆ ನನ್ನ ತಲಿ ಬಾಗತೈತಿ. ಆದ್ರ ಅವರ ಧೈರ್ಯ ಹೊಗಳಿ ಎದ್ದು ಹೋದ್ರ, ಬದಲಿ ನೀರಿನ ಪೈಪು ಇಡದವರ ತಪ್ಪು ಮುಚ್ಚಿ ಹೋಗತೈತಿ. ವೀರರು ಬೇಕಾಗದಂಗ ನೋಡಿಕೊಳ್ಳೂದು ಮ್ಯಾಲ ಕುಂತವರ ಕೆಲಸ.

ಸಿನಿಮಾ ತಪ್ಪದ ನೋಡ್ರಿ. ನಾಳೆ ನಿಮ್ಮ ಕಾರ್ಖಾನ್ಯಾಗ, ನಿಮ್ಮ ಸೈಟಿನ್ಯಾಗ ಹೊಸಾ ಯಂತ್ರ ಚಾಲೂ ಮಾಡೂ ಮೊದಲ ಕೇಳ್ರಿ: ಇದು ಕೆಟ್ರ ಎರಡನೇ ವ್ಯವಸ್ಥಾ ಎಲ್ಲೈತಿ? ಉತ್ತರ ಸಿಗೂ ತನಕ ಸ್ವಿಚ್ ಒತ್ತಬ್ಯಾಡ್ರಿ.