ಎಕ್ಸ್‌ಪೀರಿಯೆನ್ಸ್ ಎಷ್ಟಿದೆಯಮ್ಮ?

(ಹೊಸದಾಗಿ ನರ್ಸಿಂಗ್ ಮುಗಿಸಿದವರಿಗಾಗಿ ಹುಣಸೂರಿನಲ್ಲಿ ಏರ್ಪಡಿಸಿದ ಉದ್ಯೋಗ ಮೇಳದ ಉದ್ಘಾಟನಾ ಭಾಷಣ)



ದೀಪ ಹಚ್ಚಿದ್ದಾಯಿತು. ಇನ್ನು ಸ್ವಲ್ಪ ಹೊತ್ತಿಗೆ ಆಸ್ಪತ್ರೆಗಳ ಮಳಿಗೆಗಳ ಮುಂದೆ ಸಾಲು ನಿಲ್ಲುತ್ತದೆ. ಅಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಕೇಳಿಬರುವ ಮಾತು ಯಾವುದೆಂದು ಈಗಲೇ ಹೇಳಿಬಿಡಬಹುದು: "ಎಕ್ಸ್‌ಪೀರಿಯೆನ್ಸ್ ಎಷ್ಟಿದೆಯಮ್ಮ?" ನಾಲ್ಕು ವರ್ಷ ಬಿ.ಎಸ್ಸಿ. ನರ್ಸಿಂಗ್ ಅಥವಾ ಮೂರು ವರ್ಷ ಜಿ.ಎನ್.ಎಂ. ಡಿಪ್ಲೊಮಾ ಓದಿ, ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡು ಬಂದ ಹುಡುಗಿ ಈ ಒಂದು ಪ್ರಶ್ನೆಗೆ ತಲೆ ತಗ್ಗಿಸುತ್ತಾಳೆ. ಕೆಲಸ ಸಿಗದೆ ಅನುಭವ ಬರದು, ಅನುಭವವಿಲ್ಲದೆ ಕೆಲಸ ಸಿಗದು.

ಈ ಗಂಟು ಖಾಸಗಿಯವರು ಮಾತ್ರ ಹಾಕಿದ್ದಲ್ಲ. ಕೇಂದ್ರ ಸರ್ಕಾರದ ಏಮ್ಸ್ ಸಂಸ್ಥೆಗಳ ನರ್ಸಿಂಗ್ ಆಫೀಸರ್ ಹುದ್ದೆಗೆ 2020ರಿಂದ ನಾರ್ಸೆಟ್ ಎಂಬ ಒಂದೇ ಪರೀಕ್ಷೆ ನಡೆಯುತ್ತಿದೆ. ಬಿ.ಎಸ್ಸಿ. ಮಾಡಿದವರು ಅದನ್ನು ಅನುಭವವಿಲ್ಲದೆಯೂ ಬರೆಯಬಹುದು. ಜಿ.ಎನ್.ಎಂ. ಮಾಡಿದವರಿಗಾದರೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದ ದಾಖಲೆ ಬೇಕು. ಹಾಗಾಗಿ ಪಿರಿಯಾಪಟ್ಟಣದ ಜಿ.ಎನ್.ಎಂ. ಹುಡುಗಿ ಮೊದಲ ಕೆಲಸಕ್ಕೆ ಒಪ್ಪಿಕೊಳ್ಳುವ ಮುಂಚೆಯೇ ಹಾಸಿಗೆ ಎಷ್ಟಿವೆ ಎಂದು ಕೇಳಿಕೊಳ್ಳಬೇಕು. 20 ಹಾಸಿಗೆಯ ನರ್ಸಿಂಗ್ ಹೋಮಿನಲ್ಲಿ ಎರಡು ವರ್ಷ ನೈಟ್ ಡ್ಯೂಟಿ ಮಾಡಿದರೂ ಆ ಪರೀಕ್ಷೆಯ ಲೆಕ್ಕಕ್ಕೆ ಅದು ಬರುವುದಿಲ್ಲ. ಇದನ್ನು ಕಾಲೇಜಿನಲ್ಲೇ ಯಾರಾದರೂ ಕಿವಿಗೆ ಹಾಕಿದ್ದರೆ ಎಷ್ಟು ಜನರ ಎರಡು ವರ್ಷ ಉಳಿಯುತ್ತಿತ್ತೋ!

ಅಷ್ಟಕ್ಕೂ ಈ ಸಭಾಂಗಣದಲ್ಲಿ ಕೂತಿರುವವರಿಗೆ ಅನುಭವವೇ ಇಲ್ಲವೇ? ಹೊಸ ಪಠ್ಯಕ್ರಮದ ಬಿ.ಎಸ್ಸಿ.ಯಲ್ಲಿ ಎಂಟನೆಯ ಸೆಮಿಸ್ಟರ್ ಇಂಟರ್ನ್‌ಶಿಪ್‌ಗೇ ಮೀಸಲು. ಜಿ.ಎನ್.ಎಂ.ನ ಕೊನೆಯ ಆರು ತಿಂಗಳೂ ಹಾಗೆಯೇ. ಲೇಬರ್ ರೂಮಿನ ಪೋಸ್ಟಿಂಗ್, ಆಪರೇಷನ್ ಥಿಯೇಟರಿನ ಪೋಸ್ಟಿಂಗ್, ಹಳ್ಳಿಯ ಪೋಸ್ಟಿಂಗ್ ಎಲ್ಲವೂ ಲಾಗ್ ಬುಕ್‌ನಲ್ಲಿ ಸಹಿಯೊಂದಿಗೆ ಇವೆ. ಆದರೆ ಪರೀಕ್ಷೆ ಮುಗಿದ ಮೇಲೆ ಆ ಪುಸ್ತಕ ಟ್ರಂಕಿನ ತಳ ಸೇರುತ್ತದೆ, ಸಂದರ್ಶನಕ್ಕೆ ಮಾರ್ಕ್ಸ್ ಕಾರ್ಡ್ ಮಾತ್ರ ಬರುತ್ತದೆ. "ನಂಗೆ ಅನುಭವ ಇಲ್ಲ ಮೇಡಂ" ಎನ್ನುವವಳಿಗೂ, "ಇಂಟರ್ನ್‌ಶಿಪ್‌ನಲ್ಲಿ ಇಷ್ಟು ಹೆರಿಗೆ ನೋಡಿದ್ದೀನಿ, ಇಷ್ಟನ್ನು ಸಿಸ್ಟರ್ ಪಕ್ಕದಲ್ಲಿ ನಿಂತು ನಾನೇ ಮಾಡಿಸಿದ್ದೀನಿ ಮೇಡಂ" ಎಂದು ಪುಟ ತೆಗೆದು ತೋರಿಸುವವಳಿಗೂ ಅಂಕ ಒಂದೇ ಇದ್ದೀತು. ಕೆಲಸ ಸಿಗುವುದು ಎರಡನೆಯವಳಿಗೆ.

ಆಸ್ಪತ್ರೆಗಳ ಪರವಾಗಿ ಬಂದಿರುವ ನರ್ಸಿಂಗ್ ಸೂಪರಿಂಟೆಂಡೆಂಟರು ಕೇಳುವುದೂ ಬೆಟ್ಟದಂಥ ಪ್ರಶ್ನೆಗಳನ್ನಲ್ಲ. 500 ಮಿಲಿಲೀಟರ್ ಡ್ರಿಪ್ ನಾಲ್ಕು ಗಂಟೆಯಲ್ಲಿ ಹೋಗಬೇಕು, ಸೆಟ್ಟಿನಲ್ಲಿ ಒಂದು ಮಿಲಿಲೀಟರಿಗೆ 20 ಹನಿ. ನಿಮಿಷಕ್ಕೆ ಎಷ್ಟು ಹನಿ ಇಡುತ್ತೀಯ? ಒಟ್ಟು ಹನಿ ಹತ್ತು ಸಾವಿರ, ನಿಮಿಷ 240, ಅಂದರೆ ಸುಮಾರು 42. ಈ ಲೆಕ್ಕಕ್ಕೆ ತಡವರಿಸುವವರು ಚಿನ್ನದ ಪದಕದವರಲ್ಲೂ ಇರುತ್ತಾರೆ. ಇವತ್ತು ಸಾಲಿನಲ್ಲಿ ನಿಂತೇ ಒಂದೆರಡು ಬಾಯಿಲೆಕ್ಕ ಮಾಡಿಕೊಂಡರೆ ನಷ್ಟವಿಲ್ಲ.

ಇನ್ನು ಎಲ್ಲಿ ಸೇರುವುದು? ಹೆಚ್ಚಿನವರ ಕಣ್ಣು ಮೈಸೂರು, ಬೆಂಗಳೂರಿನ ಗಾಜಿನ ಕಟ್ಟಡಗಳ ಮೇಲಿದೆ. ತಪ್ಪೇನಲ್ಲ. ಮೈಸೂರಿನಲ್ಲಿ ನರ್ಸಿಂಗ್‌ಗೆ ಹಳೆಯ ಬೇರೇ ಇದೆ: ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ, ಅಂದರೆ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, 1906ರದು. ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆಯ ವಾರ್ಡುಗಳಲ್ಲಿ ಕಲಿತ ಕೈಗಳು ದೇಶದಾಚೆಗೂ ಹೋಗಿವೆ. ಆದರೂ ಮೊದಲ ಕೆಲಸಕ್ಕೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಆಸ್ಪತ್ರೆಗಳನ್ನು "ಅಯ್ಯೋ, ಊರಲ್ಲೇನಾ" ಎಂದು ತಳ್ಳಿಹಾಕುವವರು ಒಂದು ದೊಡ್ಡ ಪಾಠಶಾಲೆಯನ್ನೇ ಬಿಟ್ಟುಕೊಡುತ್ತಾರೆ.

ಹಾವು ಕಚ್ಚಿದ ಪ್ರಕರಣವನ್ನೇ ನೋಡಿ. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ, ಕೆ.ಆರ್. ನಗರದ ಭತ್ತದ ಗದ್ದೆಗಳಲ್ಲಿ ಇದು ಪಠ್ಯಪುಸ್ತಕದ ಅಧ್ಯಾಯವಲ್ಲ, ಮಳೆಗಾಲದ ಸಂಜೆಯ ಮಾತು. ರೋಗಿ ಬಂದೊಡನೆ ಎರಡು ಮೂರು ಮಿಲಿಲೀಟರ್ ರಕ್ತ ತೆಗೆದು, ಒಣಗಿದ ಶುದ್ಧ ಗಾಜಿನ ಟ್ಯೂಬಿಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಇಡಬೇಕು. ಆಮೇಲೆ ಓರೆ ಮಾಡಿದಾಗ ರಕ್ತ ಹೆಪ್ಪುಗಟ್ಟದೆ ಹರಿದರೆ ವಿಷ ರಕ್ತಕ್ಕೆ ಇಳಿದಿದೆ ಎಂದರ್ಥ. ಆ 20 ನಿಮಿಷ ಗಡಿಯಾರ ನೋಡುವವಳು ನರ್ಸ್. ವಿಷನಿರೋಧಕ ಔಷಧ ಏರಿಸುವಾಗ ಮೈಮೇಲೆ ಗಂದೆ ಎದ್ದಿತೆ, ಉಸಿರು ಕಟ್ಟಿತೆ ಎಂದು ಗಮನಿಸುತ್ತಾ, ಅಡ್ರಿನಲಿನ್ ಕೈಗೆ ಸಿಗುವಂತೆ ಇಟ್ಟುಕೊಂಡು ನಿಲ್ಲುವವಳೂ ಅವಳೇ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ನಗರದ ಹೃದ್ರೋಗ ಐಸಿಯುನಲ್ಲಿ ವರ್ಷವಿಡೀ ದುಡಿದರೂ ಇಂಥದ್ದೊಂದು ಪ್ರಕರಣ ಕಣ್ಣಿಗೆ ಬೀಳದಿರಬಹುದು.

ಹುಣಸೂರು, ಪಿರಿಯಾಪಟ್ಟಣದ ಕಥೆ ಬೇರೆ. ಇದು ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. ಇಬ್ಬನಿಯಲ್ಲಿ ನೆಂದ ಎಲೆ ಮುರಿದವರ ಚರ್ಮದ ಮೂಲಕವೇ ನಿಕೋಟಿನ್ ಒಳಗೆ ಹೋಗಿ ವಾಂತಿ, ತಲೆಸುತ್ತು, ಸುಸ್ತು ಕಾಣಿಸುತ್ತದೆ. ಹೊರಗಿನಿಂದ ಬಂದವರು ಪಿತ್ತವೆಂದೋ ಬಿಸಿಲೆಂದೋ ಬರೆದುಕೊಳ್ಳುವಷ್ಟರಲ್ಲಿ, ಊರಿನ ಹುಡುಗಿ "ಸೊಪ್ಪು ಮುರಿಯೋಕೆ ಹೋಗಿದ್ಯಾ ಅಕ್ಕ?" ಎಂದು ಕೇಳಿ ವಿಷಯ ತಿಳಿದುಕೊಳ್ಳುತ್ತಾಳೆ. ಈ ಪ್ರಶ್ನೆಯನ್ನು ಯಾವ ವಿಶ್ವವಿದ್ಯಾಲಯವೂ ಕಲಿಸಿಲ್ಲ, ಅವಳ ಮನೆಯ ಹಿಂದೆ ಸೊಪ್ಪು ಹದಮಾಡುವ ಬ್ಯಾರನ್ ಕಲಿಸಿದೆ. ಇತ್ತ ಬೈಲುಕುಪ್ಪೆಯಲ್ಲಿ 1960ರಿಂದ ನೆಲೆಸಿರುವ ಟಿಬೆಟನ್ನರು, ಅತ್ತ ಜೇನುಕುರುಬರ, ಬೆಟ್ಟಕುರುಬರ, ಯರವರ ಹಾಡಿಗಳು. ಹಾಡಿಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆಯನ್ನು ಹುಡುಕಿ ಗುರುತಿಸುವ ಕೆಲಸವಿದೆ. 2023ರ ಜುಲೈನಲ್ಲಿ ಅದಕ್ಕೆಂದೇ ರಾಷ್ಟ್ರೀಯ ಅಭಿಯಾನ ಶುರುವಾಯಿತು. ರಕ್ತ ಕೊಡಲು ಹೆದರುವ ಅಜ್ಜಿಯನ್ನು ಒಪ್ಪಿಸುವುದಕ್ಕೆ ಅವಳ ಮಾತಿನ ಧಾಟಿ ಬಲ್ಲವರೇ ಬೇಕು.

ಅನುಭವವಿಲ್ಲದವರು ಈ ಕಾಡಂಚಿಗೆ ಬಂದು ಏನಾದರು ಎನ್ನುವುದಕ್ಕೆ ಎಚ್.ಡಿ. ಕೋಟೆಯ ಪಕ್ಕದ ಸರಗೂರಿನ ಕಡೆ ನೋಡಿದರೆ ಸಾಕು. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ಕೆಲವು ವಿದ್ಯಾರ್ಥಿಗಳು, ಆರ್. ಬಾಲಸುಬ್ರಹ್ಮಣ್ಯಂ ಮುಂದಾಳಾಗಿ, ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಓದು ಮುಗಿದ ಮೇಲೆ ಅವರು ಬಂದದ್ದು ಬ್ರಹ್ಮಗಿರಿಯ ಹಾಡಿಗೆ. ಮುಂದೆ ಕೆಂಚನಹಳ್ಳಿಯಲ್ಲಿ, ಸರಗೂರಿನಲ್ಲಿ ಆಸ್ಪತ್ರೆಗಳೆದ್ದವು. ಆಗ ಅವರೂ ಇಂದಿನ ಭಾಷೆಯಲ್ಲಿ ಫ್ರೆಶರ್‌ಗಳೇ.

ಮತ್ತೊಂದು ದಾರಿ ಸಮುದಾಯ ಆರೋಗ್ಯ ಅಧಿಕಾರಿಯದು, ಜನರ ಬಾಯಲ್ಲಿ ಸಿ.ಎಚ್.ಒ. ಸಮುದಾಯ ಆರೋಗ್ಯದ ಆರು ತಿಂಗಳ ತರಬೇತಿಯನ್ನು ಪ್ರತ್ಯೇಕವಾಗಿ ಮಾಡಿದ, ಅಥವಾ ಅದನ್ನು ಪಠ್ಯದೊಳಗೇ ಓದಿದ ಬಿ.ಎಸ್ಸಿ. ನರ್ಸ್‌ಗಳು ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಈ ಹುದ್ದೆಗೆ ಅರ್ಹರು. ಬಯಲುಸೀಮೆಯಲ್ಲಿ 5,000, ಗುಡ್ಡಗಾಡು ಮತ್ತು ಗಿರಿಜನ ಪ್ರದೇಶದಲ್ಲಿ 3,000 ಜನರಿಗೆ ಇಂಥ ಒಂದು ಉಪಕೇಂದ್ರ ಎಂಬುದು ಸರ್ಕಾರದ ಅಳತೆ. ಕೆಲಸ ಒಳ್ಳೆಯದು, ಆದರೆ ಗುತ್ತಿಗೆಯದು. ಒಂದು ವಿಚಿತ್ರ ಮಾತ್ರ ಹೇಳಲೇಬೇಕು. ಅನುಭವವಿಲ್ಲವೆಂದು 100 ಹಾಸಿಗೆಯ ಆಸ್ಪತ್ರೆ ವಾಪಸು ಕಳಿಸಿದ ಹುಡುಗಿಯನ್ನೇ, ಪಕ್ಕದಲ್ಲಿ ಡಾಕ್ಟರೂ ಇಲ್ಲದ, ಹಿರಿಯ ಸಿಸ್ಟರೂ ಇಲ್ಲದ ಕಟ್ಟಡದಲ್ಲಿ ಜವಾಬ್ದಾರಿ ಹೊರಿಸಿ ಕೂರಿಸುತ್ತೇವೆ! ಹಾಗಾಗಿ ಆ ಹುದ್ದೆಯ ಕಡೆಗೆ ಹೋಗುವವರು ಮೊದಲು ಒಂದು ವರ್ಷವಾದರೂ ವಾರ್ಡಿನಲ್ಲಿ ಹಿರಿಯರ ಬಗಲಲ್ಲಿ ನಿಂತು ಹೋಗುವುದು ಜಾಣತನ.

ಸಂಬಳದ ಮಾತು. 2016ರ ಜನವರಿ 29ರಂದು ಸುಪ್ರೀಂ ಕೋರ್ಟ್, ಟ್ರೈನ್ಡ್ ನರ್ಸಸ್ ಅಸೋಸಿಯೇಷನ್ ಹೂಡಿದ್ದ ಪ್ರಕರಣದಲ್ಲಿ, ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಸ್ಥಿತಿ ನೋಡಲು ಸಮಿತಿ ಮಾಡಿ ಎಂದಿತು. ಆ ಸಮಿತಿಯ ಶಿಫಾರಸು ಹೀಗಿದೆ: 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರ್ಕಾರಿ ನರ್ಸಿನಷ್ಟೇ ಸಂಬಳ, 100ರ ಮೇಲಿದ್ದರೆ ಅದಕ್ಕಿಂತ ಆಗುವ ಕಡಿತ ಶೇ. 10ನ್ನು, 50ರಿಂದ 100ರವರೆಗಿದ್ದರೆ ಶೇ. 25ನ್ನು ಮೀರಕೂಡದು. 50ಕ್ಕಿಂತ ಕಡಿಮೆ ಹಾಸಿಗೆಯ ಕಡೆಯೂ ತಿಂಗಳಿಗೆ 20,000 ರೂಪಾಯಿಗಿಂತ ಕೆಳಗೆ ಇಳಿಯಬಾರದು. ಶಿಫಾರಸು ಕಾನೂನಲ್ಲ, ಅದನ್ನು ಜಾರಿಗೆ ತರುವ ಹೊಣೆ ರಾಜ್ಯಗಳ ಮೇಲೆ ಬಿತ್ತು. ಆದರೆ ಮಳಿಗೆಯಲ್ಲಿ ಕೂತವರು ಸಂಖ್ಯೆ ಹೇಳಿದಾಗ ಹೋಲಿಸಿ ನೋಡಲು ಹುಡುಗಿಯ ಕೈಯಲ್ಲೂ ಒಂದು ಸಂಖ್ಯೆ ಇರಲಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಒಪ್ಪಿಸಿ, ಬಾಂಡ್ ಬರೆದುಕೊಡಿ ಎನ್ನುವ ಕಡೆ ಸೇರುವ ಅಗತ್ಯವಿಲ್ಲ. ನೋಡಿ ಹಿಂದಿರುಗಿಸಿದರೆ ಸರಿ, ಬೀರುವಿಗೆ ಸೇರಿಸಿದರೆ ಎದ್ದು ಬರುವುದೇ ಸರಿ. ಕಾಯಬೇಕಾಗಿ ಬಂದವರಿಗೆ ರಾಜ್ಯ ಸರ್ಕಾರದ ಯುವನಿಧಿ ಯೋಜನೆ ಇದೆ: ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಎರಡು ವರ್ಷದವರೆಗೆ. ಅರ್ಜಿ ಶುಲ್ಕ, ಬಸ್ ಚಾರ್ಜಿಗೆ ಆದೀತು.

ಆಸ್ಪತ್ರೆಗಳವರಿಗೂ ಎರಡು ಮಾತು. ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್ ಎಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಸೇರಿದ ವಾರವೇ ಹೊಸಬಳನ್ನು ಇಡೀ ವಾರ್ಡಿನ ನೈಟ್ ಡ್ಯೂಟಿಗೆ ಒಬ್ಬಳನ್ನೇ ಹಾಕಿ, ಮೂರನೆಯ ತಿಂಗಳು ಅವಳು ಬಿಟ್ಟು ಹೋದಾಗ "ಈಗಿನ ಹುಡುಗಿಯರಿಗೆ ತಾಳ್ಮೆಯಿಲ್ಲ" ಎಂದರೆ ಯಾರೂ ನಂಬುವುದಿಲ್ಲ. ಮೊದಲ ಕೆಲವು ವಾರ ಯಾವ ಸಿಸ್ಟರ್ ಜೊತೆ ಡ್ಯೂಟಿ, ಯಾವ ಯಾವ ವಾರ್ಡು, ಉಳಿಯಲು ಹಾಸ್ಟೆಲ್ ಇದೆಯೇ, ಇಷ್ಟನ್ನು ನೇಮಕದ ಪತ್ರದಲ್ಲೇ ಬರೆದುಕೊಡಿ. ಹಿಂದಿನ ಸಾಲಿನಲ್ಲಿ ಮಕ್ಕಳ ಫೈಲು ಹಿಡಿದು ಕೂತಿರುವ ಅಪ್ಪ ಅಮ್ಮಂದಿರಿಗೆ ಸಂಬಳಕ್ಕಿಂತ ಮೊದಲು ಬೇಕಾದ ಉತ್ತರ ಆ ಹಾಸ್ಟೆಲ್ಲಿನದು.

ಮೇಳ ಉದ್ಘಾಟನೆಯಾಗಿದೆ. ವ್ಯವಸ್ಥಾಪಕರಲ್ಲಿ ಒಂದು ಕೋರಿಕೆ: ಟೋಕನ್ ಸಂಖ್ಯೆ ಏನೇ ಇರಲಿ, ಅಂತರಸಂತೆ, ಸರಗೂರಿನ ಆಚೆಯಿಂದ ಬಂದವರನ್ನು ಮಧ್ಯಾಹ್ನದೊಳಗೆ ಕರೆದು ಸಂದರ್ಶನ ಮುಗಿಸಿಕೊಡಿ. ಅವರು ಕತ್ತಲಾಗುವ ಮುಂಚೆ ಊರು ಸೇರಬೇಕು.