ಕಂಪ್ಯೂಟರ್ ಹೇಳುವ ಇಮ್ಲಾ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಉರ್ದು, ಕನ್ನಡ ಕಲಿಸುವ ಮೇಷ್ಟ್ರು ಕಂಪ್ಯೂಟರಿನ ಬಗ್ಗೆ ಮಾತಾಡಲು ನಿಂತರಲ್ಲ ಎಂದು ನಿಮಗೆ ಆಶ್ಚರ್ಯವಾಗಬಹುದು. ಕಾರಣವಿದೆ. "ಕಂಪ್ಯೂಟರ್ ಇಂಗ್ಲಿಷ್ ಬಲ್ಲವರ ವಸ್ತು, ಉರ್ದು ಮಾಧ್ಯಮದ ನಮ್ಮ ಮಕ್ಕಳಿಗೆ ಅದು ದಕ್ಕುವುದಿಲ್ಲ" ಎಂಬ ಮಾತನ್ನು ಪಾಲಕರು ಮತ್ತೆ ಮತ್ತೆ ಹೇಳುತ್ತಾರೆ. ಆ ಯಂತ್ರದೊಳಗೆ ಇಂಗ್ಲಿಷ್ ಎಷ್ಟಿದೆ ಎಂದು ಪರೀಕ್ಷಿಸಬೇಕಾದರೆ ಹಳೆಯ ಕಂಪ್ಯೂಟರಿನ ಪ್ರಿಂಟರ್ ಪೋರ್ಟಿಗಿಂತ ಒಳ್ಳೆಯ ಜಾಗವಿಲ್ಲ.

ಹಳೆಯ ಕಂಪ್ಯೂಟರಿನ ಹಿಂಭಾಗದಲ್ಲಿ ಮೇಲೆ 13, ಕೆಳಗೆ 12, ಒಟ್ಟು 25 ತೂತುಗಳಿರುವ ಅಗಲವಾದ ಕನೆಕ್ಟರನ್ನು ನೀವು ನೋಡಿರಬಹುದು. ಅದೇ ಪ್ಯಾರಲಲ್ ಪೋರ್ಟ್. ಈ ಪದ್ಧತಿ 1970ರ ದಶಕದಲ್ಲಿ ಅಮೆರಿಕದ ಸೆಂಟ್ರಾನಿಕ್ಸ್ ಕಂಪನಿಯ ಪ್ರಿಂಟರುಗಳಿಂದ ಬಂದದ್ದು. 1981ರಲ್ಲಿ ಐಬಿಎಂ ತನ್ನ ಪಿಸಿಯಲ್ಲಿ ಅದನ್ನು 25 ಪಿನ್ನುಗಳಿಗೆ ಇಳಿಸಿತು. ಮುಂದೆ ಯುಎಸ್‌ಬಿ ಬಂದು ಇದರ ಜಾಗವನ್ನು ಹಿಡಿಯಿತು.

25ರಲ್ಲಿ ಅಕ್ಷರವನ್ನು ಹೊರುವವು ಎಂಟೇ: 2ರಿಂದ 9ರವರೆಗಿನ ಪಿನ್ನುಗಳು. ಒಂದೊಂದು ತಂತಿಯೂ ಎರಡೇ ಸ್ಥಿತಿಗಳನ್ನು ಬಲ್ಲದು. ಹೆಚ್ಚೆಂದರೆ 5 ವೋಲ್ಟ್ ಬಂದರೆ ಅದು 1. ಸೊನ್ನೆ ವೋಲ್ಟಿನ ಹತ್ತಿರ ಇಳಿದರೆ 0. ಇಂಗ್ಲಿಷಿನ ದೊಡ್ಡ 'ಎ' ಅಕ್ಷರಕ್ಕೆ ಗೊತ್ತುಪಡಿಸಿದ ಸಂಖ್ಯೆ 65. ಅದನ್ನು ಕಳುಹಿಸುವಾಗ 2 ಮತ್ತು 8ನೇ ಪಿನ್ನುಗಳು ಮೇಲಿರುತ್ತವೆ, ಉಳಿದ ಆರು ಕೆಳಗಿರುತ್ತವೆ. ಅಷ್ಟೇ.

ಆದರೆ ಎಂಟು ತಂತಿಗಳು ಸಿದ್ಧವಾದವೆಂದು ಪ್ರಿಂಟರಿಗೆ ತಿಳಿಯುವುದು ಹೇಗೆ? ಇಲ್ಲಿ ನನಗೆ ನಮ್ಮ ತರಗತಿಯ ಇಮ್ಲಾ, ಅಂದರೆ ಉಕ್ತಲೇಖನ, ನೆನಪಾಗುತ್ತದೆ. ಮೇಷ್ಟ್ರು ಪದ ಹೇಳುತ್ತಾರೆ, ಮಕ್ಕಳು ತಲೆ ತಗ್ಗಿಸಿ ಬರೆಯುತ್ತಾರೆ, ತಲೆ ಎತ್ತಿದ ಮೇಲೆ ಮುಂದಿನ ಪದ. ಪೋರ್ಟಿನ ನಡವಳಿಕೆಯೂ ಹೀಗೆಯೇ. ಅಕ್ಷರವನ್ನು ಎಂಟು ತಂತಿಗಳ ಮೇಲಿಟ್ಟು ಕಂಪ್ಯೂಟರು 1ನೇ ಪಿನ್ನಿನ 'ಸ್ಟ್ರೋಬ್' ತಂತಿಯನ್ನು ಕೆಳಗಿಳಿಸಿ ಮತ್ತೆ ಎತ್ತುತ್ತದೆ. ಅರ್ಧ ಮೈಕ್ರೋಸೆಕೆಂಡ್, ಅಂದರೆ ಸೆಕೆಂಡಿನ 20 ಲಕ್ಷದಲ್ಲಿ ಒಂದು ಪಾಲು ಹೊತ್ತು ಇಳಿಸಿದರೆ ಸಾಕು. "ಹೇಳಿದ್ದೇನೆ, ಬರೆದುಕೋ" ಎಂದು ಮೇಜು ಕುಟ್ಟಿದ ಹಾಗೆ. ಪ್ರಿಂಟರು ತಕ್ಷಣ 11ನೇ ಪಿನ್ನಿನ 'ಬ್ಯುಸಿ' ತಂತಿಯನ್ನು ಮೇಲೆತ್ತುತ್ತದೆ: ಬರೆಯುತ್ತಿದ್ದೇನೆ, ತಾಳಿ. ಮುಗಿದ ಮೇಲೆ 10ನೇ ಪಿನ್ನಿನ 'ಅಕ್ನಾಲೆಜ್' ತಂತಿಯನ್ನು ಕ್ಷಣಕಾಲ ಇಳಿಸಿ, ಬ್ಯುಸಿಯನ್ನೂ ಇಳಿಸುತ್ತದೆ. ಸಲಾಮಿಗೆ ಜವಾಬು ಬಂದಂತೆ. ಎಷ್ಟೋ ಪ್ರೋಗ್ರಾಮುಗಳು 11ನ್ನು ಮಾತ್ರ ನೋಡುತ್ತವೆ, 10ನ್ನು ಗಮನಿಸುವುದೇ ಇಲ್ಲ. ಅಂಥ ಮೇಷ್ಟ್ರುಗಳೂ ನಮ್ಮಲ್ಲಿದ್ದೇವೆ.

"ಸಾರ್, ನೋಟ್‌ಬುಕ್ ಮುಗಿಯಿತು" ಎಂದು ಹುಡುಗ ಎದ್ದು ನಿಲ್ಲುತ್ತಾನಲ್ಲ, ಅದಕ್ಕೆ 12ನೇ ಪಿನ್ನು. ಕಾಗದ ಮುಗಿದರೆ ಅದು ಮೇಲೇಳುತ್ತದೆ. ಬೇರೆ ತೊಂದರೆಯಾದರೆ 15ನೆಯದು ಕೆಳಗಿಳಿಯುತ್ತದೆ. 18ರಿಂದ 25ರವರೆಗಿನ ಎಂಟೂ ಗ್ರೌಂಡ್, ಕರೆಂಟು ಮರಳುವ ದಾರಿ. ಕೇಬಲನ್ನೇ ಕಿತ್ತರೆ ಸಾಮಾನ್ಯವಾಗಿ 11ನೇ ತಂತಿ ಮೇಲೆ ಇದ್ದಂತೆಯೇ ಕಂಪ್ಯೂಟರಿಗೆ ತೋರುತ್ತದೆ. ಆಗ ಅದು ಕಾಯುತ್ತದೆ, ಯಾರೂ ಇಲ್ಲದ ತರಗತಿಗೆ ಇಮ್ಲಾ ಹೇಳುವುದಿಲ್ಲ. ಇದನ್ನು ಯೋಚಿಸಿದವರನ್ನು ಮೆಚ್ಚಲೇಬೇಕು.

ಇನ್ನು ನಮ್ಮ ಭಾಷೆಗಳ ವಿಚಾರ. ಅಂದಿನ ಸಾಮಾನ್ಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳ ನೆನಪಿನಲ್ಲಿ ಇಂಗ್ಲಿಷ್ ಅಕ್ಷರಗಳ ಆಕಾರವಿತ್ತು. ಕನ್ನಡದ 'ಅ' ಇರಲಿಲ್ಲ, ಉರ್ದುವಿನ ಅಲಿಫ್ ಇರಲಿಲ್ಲ. ಹಾಗಾದರೆ ಕನ್ನಡ ಅಚ್ಚಾದದ್ದು ಹೇಗೆ? ಚುಕ್ಕಿಗಳಿಂದ. ಆ ಪ್ರಿಂಟರಿನ ತಲೆಯಲ್ಲಿ ಒಂದರ ಕೆಳಗೊಂದು 9 ಸೂಜಿಗಳು. "ಈಗ ಚಿತ್ರ ಬರುತ್ತದೆ" ಎಂಬ ಸಂಕೇತವನ್ನು ಮೊದಲು ಕಳುಹಿಸಿದರೆ ಎಂಟು ತಂತಿಗಳು ಮೇಲಿನ ಎಂಟು ಸೂಜಿಗಳನ್ನು ನೇರವಾಗಿ ಆಳತೊಡಗುತ್ತವೆ. 128 ಕಳುಹಿಸಿದರೆ ಮೇಲಿನ ಸೂಜಿ ಮಾತ್ರ ಹೊಡೆಯುತ್ತದೆ. 255 ಕಳುಹಿಸಿದರೆ ಎಂಟೂ ಹೊಡೆದು ಒಂದು ನೆಟ್ಟನೆಯ ಗೆರೆ ಮೂಡುತ್ತದೆ. ಅದೇ ಅಲಿಫ್! ಕನ್ನಡದ ಒತ್ತಕ್ಷರಕ್ಕೆ ಎಂಟು ಚುಕ್ಕಿಗಳ ಎತ್ತರ ಸಾಲದು, ನಸ್ತಲೀಖಿನ ಇಳಿಜಾರಿಗಂತೂ ಸಾಲುವುದೇ ಇಲ್ಲ. ಆದ್ದರಿಂದ ಒಂದೇ ಸಾಲಿಗಾಗಿ ತಲೆ ಹಲವು ಸಲ ಓಡಬೇಕಿತ್ತು. ನಿಧಾನವಾದರೂ ಅಕ್ಷರ ಮೂಡುತ್ತಿತ್ತು. ತಂತಿಯ ಮಟ್ಟಿಗೆ ಅದು ಇಂಗ್ಲಿಷೂ ಅಲ್ಲ, ಉರ್ದುವೂ ಅಲ್ಲ, ಬರೀ ಏರಿಳಿತ.

ಆದ್ದರಿಂದ ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ಶಾಲೆಯ ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕುವಾಗ ಈ ಪೋರ್ಟ್ ಇರುವ ಒಂದನ್ನು ಉಳಿಸಿಕೊಡಿ. ಯುಎಸ್‌ಬಿಯಲ್ಲಿ ಸಂಕೇತಗಳು ಒಂದರ ಹಿಂದೊಂದು ಎಷ್ಟು ವೇಗದಲ್ಲಿ ಓಡುತ್ತವೆಂದರೆ ಮಗುವಿನ ಕಣ್ಣಿಗೆ ಏನೂ ಕಾಣದು. ಇಲ್ಲಿ ಕಾಣುತ್ತದೆ. ಎಂಟು ಎಲ್‌ಇಡಿ ದೀಪಗಳು, 470 ಓಮಿನ ಎಂಟು ರೆಸಿಸ್ಟರುಗಳು, ಒಂದು 25 ಪಿನ್ನಿನ ಪ್ಲಗ್ಗು ಸಾಕು. ಕಂಪ್ಯೂಟರನ್ನು ಆರಿಸಿಯೇ ಜೋಡಿಸಿ. 2ರಿಂದ 9ರವರೆಗೆ ಪ್ರತಿ ಪಿನ್ನಿಗೂ ರೆಸಿಸ್ಟರ್ ಮೂಲಕ ದೀಪದ ಉದ್ದ ಕಾಲು, ಗಿಡ್ಡ ಕಾಲುಗಳೆಲ್ಲ 25ಕ್ಕೆ. ರೆಸಿಸ್ಟರ್ ಬಿಡಬಾರದು, ಹೊರಗಿನ ಕರೆಂಟನ್ನು ಇದಕ್ಕೆ ತಾಗಿಸಲೇಬಾರದು. ವಿಂಡೋಸ್ 98ರಲ್ಲೋ ಡಾಸ್‌ನಲ್ಲೋ ಕ್ಯೂಬೇಸಿಕ್ ತೆರೆದು 'ಔಟ್ 888, 65' ಎಂದು ಇಂಗ್ಲಿಷಿನಲ್ಲಿ ಟೈಪಿಸಿ ನಡೆಸಿ. 888 ಎಂಬುದು ಸಾಮಾನ್ಯವಾಗಿ ಈ ಪೋರ್ಟಿನ ವಿಳಾಸ. ಎರಡು ದೀಪಗಳು ಹೊತ್ತುತ್ತವೆ. ಆಮೇಲೆ 255 ಕೊಡಿ. ಎಂಟೂ ದೀಪಗಳು ಒಂದು ಸಾಲಾಗಿ ಹೊತ್ತಿದಾಗ, ಇದು ಯಾವ ಅಕ್ಷರ ಎಂದು ನಿಮ್ಮ ಮಗುವನ್ನು ಉರ್ದುವಿನಲ್ಲಿ ಕೇಳಿ ನೋಡಿ.