ಗೇಣಗಲದ ಜಾಗದ ಎಂಜಿನಿಯರಿಂಗ್



ಕಾರು ಕೊಳ್ಳಲು ಹೋದವರು ಬಾನೆಟ್ ತಟ್ಟಿ ನೋಡುವುದನ್ನು ನೀವೆಲ್ಲ ಕಂಡಿದ್ದೀರಿ. ತಗಡು ದಪ್ಪಗಿದ್ದರೆ ಗಾಡಿ ಗಟ್ಟಿ ಎಂಬುದು ಲೆಕ್ಕ. ಹೊರಗಿನ ತಗಡಿಗೂ ಪಕ್ಕದ ಡಿಕ್ಕಿಯಲ್ಲಿ ಪ್ರಾಣ ಉಳಿಯುವುದಕ್ಕೂ ಸಂಬಂಧ ಅತ್ಯಲ್ಪ. ಹಾಗೆಂದು ತೂಕದ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ: ಭಾರದ ಗಾಡಿ ಹಗುರ ಗಾಡಿಗೆ ಗುದ್ದಿದಾಗ ಹಗುರದ್ದೇ ಹೆಚ್ಚು ದೂರಕ್ಕೆ ಎಸೆಯಲ್ಪಡುತ್ತದೆ. ಅದನ್ನು ಯಾವ ವಿನ್ಯಾಸಕಾರನೂ ತಪ್ಪಿಸಲಾರ. ಅವನ ಕೈಯಲ್ಲಿರುವುದು ಇಷ್ಟೇ: ಗಾಡಿಯ ಬಾಗಿಲು ಎಷ್ಟು ವೇಗದಲ್ಲಿ, ಯಾವ ಆಕಾರದಲ್ಲಿ ಒಳಗೆ ನುಗ್ಗಬೇಕು ಎಂಬುದು.

ಮುಂಭಾಗದ ಡಿಕ್ಕಿಯಲ್ಲಿ ನಮಗೆ ಅರ್ಧ ಮೀಟರಿಗಿಂತ ಹೆಚ್ಚು ಜಾಗ ಸಿಗುತ್ತದೆ. ಲೋಹ ಅಲ್ಲಿ ಮಡಿಚಿಕೊಂಡು ಶಕ್ತಿಯನ್ನು ನುಂಗುತ್ತದೆ. ಪಕ್ಕದ ಡಿಕ್ಕಿಯಲ್ಲಾದರೆ, ಕೂತವನ ಭುಜಕ್ಕೂ ಬಾಗಿಲಿನ ಹೊರ ತಗಡಿಗೂ ನಡುವೆ ಇರುವುದು ಗೇಣಗಲ, ಬಹಳವೆಂದರೆ ಒಂದೂವರೆ ಗೇಣು. ಸೆಕೆಂಡಿನ ನೂರರಲ್ಲಿ ಎರಡು ಮೂರು ಭಾಗ ಕಳೆಯುವುದರೊಳಗೆ ಬಾಗಿಲು ಪಕ್ಕೆಲುಬಿಗೆ ಬಂದು ಬಡಿಯುತ್ತದೆ. ಸೈಡ್ ಏರ್‌ಬ್ಯಾಗ್ ಅದಕ್ಕೂ ಮೊದಲೇ ಉಬ್ಬಿರಬೇಕು. ಬಾಗಿಲು ನುಗ್ಗುವ ವೇಗವನ್ನು ಕಾರಿನ ಒಡಲಿನ ರಚನೆ ಇಳಿಸದಿದ್ದರೆ ಬ್ಯಾಗು ಎಷ್ಟಿದ್ದರೇನು? ಆರು ಏರ್‌ಬ್ಯಾಗುಗಳನ್ನು ಕಡ್ಡಾಯ ಮಾಡುವ ಕರಡು ನಿಯಮ 2022ರಲ್ಲಿ ಬಂದಾಗ ನಮ್ಮಲ್ಲಿ ದೊಡ್ಡ ಚರ್ಚೆ ನಡೆಯಿತು. ಅದರಲ್ಲಿ ಮುಂದಿನ ಮತ್ತು ಹಿಂದಿನ ಬಾಗಿಲುಗಳ ನಡುವಿನ ಕಂಬವಾದ ಬಿ-ಪಿಲ್ಲರಿನ ಹೆಸರು ಕೇಳಿಬಂದದ್ದು ಕಡಿಮೆ.

ಆ ಪಿಲ್ಲರಿನ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ. ಇವತ್ತಿನ ಬಹುಪಾಲು ಕಾರುಗಳ ಬಿ-ಪಿಲ್ಲರ್ ಬೋರಾನ್ ಬೆರೆತ ಉಕ್ಕಿನದು. ಹಾಳೆಯನ್ನು 900 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕಾಸಿ, ಮೆತ್ತಗಿರುವಾಗಲೇ ಅಚ್ಚಿಗೆ ಒತ್ತಿ, ನೀರು ಹರಿಯುವ ಅದೇ ಅಚ್ಚಿನೊಳಗೆ ತಟಕ್ಕನೆ ತಣಿಸುತ್ತಾರೆ. ಕುಲುಮೆಯಲ್ಲಿ ಕಮ್ಮಾರ ಕುಡುಗೋಲಿಗೆ ಹದ ಕೊಡುವುದು ಇದೇ ಕ್ರಮದಲ್ಲಿ. ಹೀಗೆ ಹದಗೊಂಡ ಉಕ್ಕಿನ ಬಲ 1500 ಮೆಗಾಪಾಸ್ಕಲ್ ಮುಟ್ಟುತ್ತದೆ. 1984ರಲ್ಲಿ ಸ್ವೀಡನ್ನಿನ ಸಾಬ್ ತನ್ನ 9000 ಕಾರಿನ ಬಾಗಿಲ ಬೀಮಿಗೆ ಇದನ್ನು ಬಳಸಿತು. ಬಲ ಹೆಚ್ಚಿದಂತೆ ದಪ್ಪ ಇಳಿಸಬಹುದು, ತೂಕ ಉಳಿಯುತ್ತದೆ. ಆದರೆ ಬಿಗಿತದ ಕತೆ ಬೇರೆ. ಉಕ್ಕು ಯಾವುದೇ ಇರಲಿ, ಅದರ ಯಂಗ್ ಗುಣಾಂಕ ಸುಮಾರು 210 ಗಿಗಾಪಾಸ್ಕಲ್. ತೆಳುವಾದ ಗೋಡೆ ಸೊಟ್ಟಗಾಗದಂತೆ ಹಿಡಿದಿಡುವುದು ಅಡ್ಡಕೊಯ್ತದ ಆಕಾರವೇ.

ಇಡೀ ಪಿಲ್ಲರನ್ನು ಒಂದೇ ಸಮ ಗಟ್ಟಿ ಮಾಡುವುದೂ ಜಾಣತನವಲ್ಲ. ಮೇಲ್ಭಾಗ ಬಾಗಬಾರದು, ಬಾಗಿಲಡಿಯ ತೊಲೆಯಾದ ರಾಕರಿಗೆ ಕೂಡುವ ಕೆಳತುದಿ ಬಾಗಬೇಕು. ಆಗ ಒಳನುಗ್ಗುವಿಕೆ ಎದೆಯ ಮಟ್ಟದಿಂದ ಸೊಂಟದ ಮಟ್ಟಕ್ಕೆ ಇಳಿಯುತ್ತದೆ. ಪಕ್ಕೆಲುಬು ತಾಳದ ಹೊಡೆತವನ್ನು ಸೊಂಟದ ಮೂಳೆ ತಾಳುತ್ತದೆ. ಅಚ್ಚಿನ ಒಂದು ಭಾಗವನ್ನು ಬಿಸಿಯಾಗಿಟ್ಟು ಕೆಳತುದಿಯನ್ನು ನಿಧಾನವಾಗಿ ತಣಿಸಿ ಮೆದು ಮಾಡುವ ವಿದ್ಯೆ ಬಂದಿರುವುದು ಇದಕ್ಕಾಗಿಯೇ. ಹೊಡೆತ ಅಲ್ಲಿಂದ ರಾಕರಿಗೆ, ಸೀಟಿನಡಿಯ ಕ್ರಾಸ್ ಮೆಂಬರಿಗೆ, ಅದರ ಮೂಲಕ ಆಚೆ ಬದಿಗೆ ಹೋಗಬೇಕು. ಈ ದಾರಿಯಲ್ಲಿ ಒಂದು ಕೊಂಡಿ ಸಡಿಲವಿದ್ದರೂ ಪಿಲ್ಲರಿಗೆ ಸುರಿದ ದುಡ್ಡು ದಂಡ. ಸ್ಪಾಟ್ ವೆಲ್ಡಿನ ಸುತ್ತ ಶಾಖಕ್ಕೆ ಮೆದುವಾದ ಒಂದು ಉಂಗುರ ಉಳಿದಿರುತ್ತದೆ, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಈ ಉಂಗುರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಸಿಮ್ಯುಲೇಶನ್ ಕಂಪ್ಯೂಟರಿನ ಪರದೆಯ ಮೇಲೆ ಮಾತ್ರ ಚೆನ್ನ. ಬೆಂಗಳೂರಿನಲ್ಲಿ ಕೂತು ಜಗತ್ತಿನ ಕಾರುಗಳ ಡಿಕ್ಕಿಯನ್ನು ಲೆಕ್ಕ ಹಾಕುವ ತರುಣರಿಗೆ ಈ ಮಾತನ್ನು ವಿಶೇಷವಾಗಿ ಹೇಳುತ್ತಿದ್ದೇನೆ.

ಇನ್ನು ನಿಯಮಗಳು. ಪಕ್ಕದ ಡಿಕ್ಕಿಯ ಪರೀಕ್ಷೆ ನಮ್ಮಲ್ಲಿ ಹೊಸ ಮಾದರಿಗಳಿಗೆ ಕಡ್ಡಾಯವಾದದ್ದು 2017ರ ಅಕ್ಟೋಬರಿನಲ್ಲಿ. 950 ಕಿಲೋ ತೂಕದ ತಳ್ಳುಗಾಡಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬಂದು ಗುದ್ದುತ್ತದೆ. 2023ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್, ಹೆಚ್ಚು ತಾರೆ ಬೇಕೆನ್ನುವ ಕಾರುಗಳಿಗೆ ಕಾರಿನ ಪಕ್ಕವನ್ನು ಕಂಬಕ್ಕೆ ಗುದ್ದಿಸುವ ಪರೀಕ್ಷೆಯನ್ನೂ ಸೇರಿಸಿತು. ಒಳ್ಳೆಯ ಹೆಜ್ಜೆ, ತಕರಾರಿಲ್ಲ. ಆದರೆ 950 ಕಿಲೋ ಎಂದರೆ ಒಂದು ಸಣ್ಣ ಹ್ಯಾಚ್‌ಬ್ಯಾಕ್. ನಮ್ಮ ಕ್ರಾಸ್ ರಸ್ತೆಗಳಲ್ಲಿ ಅಡ್ಡ ಬಂದು ಗುದ್ದುವವು ಎಂಥವು? ಎಸ್‌ಯುವಿ, ಟೆಂಪೊ, ಟಿಪ್ಪರ್. ಅಮೆರಿಕದ ವಿಮಾ ಕಂಪನಿಗಳ ಸಂಸ್ಥೆಯಾದ ಐಐಎಚ್‌ಎಸ್ ತನ್ನ ತಳ್ಳುಗಾಡಿಯನ್ನು 2021ರಲ್ಲಿ ಸುಮಾರು 1900 ಕಿಲೋಗೆ, ವೇಗವನ್ನು 60 ಕಿಲೋಮೀಟರಿಗೆ ಏರಿಸಿತು. ಅದರ ಚಲನಶಕ್ತಿ ನಮ್ಮದಕ್ಕಿಂತ ಹೆಚ್ಚುಕಡಿಮೆ ಮೂರು ಪಟ್ಟು. ನಿಯಮ ಬದಲಾಗುವವರೆಗೆ ನಾವು ಕಾಯಬೇಕಿಲ್ಲ. ಎತ್ತರದ ಬಂಪರಿನ, ಎರಡು ಟನ್ನಿನ ಗಾಡಿ ಗುದ್ದಿದಂತೆ ಸಿಮ್ಯುಲೇಶನ್ನಿನ ಇನ್ನೊಂದು ರನ್ ಹಾಕಲು ಹೆಚ್ಚುವರಿ ಖರ್ಚು ಕೆಲವು ಗಂಟೆಗಳ ಕಂಪ್ಯೂಟರ್ ಸಮಯ ಮಾತ್ರ. ವಿದ್ಯುತ್ ಕಾರುಗಳಲ್ಲಂತೂ ರಾಕರಿನ ಮಗ್ಗುಲಲ್ಲೇ ಬ್ಯಾಟರಿ ಇದೆ. ಅಲ್ಲಿ ಕಾಪಾಡಬೇಕಾದ್ದು ಎರಡಾಯಿತು.

ಕೊನೆಯದಾಗಿ, ಯಾರೂ ಎತ್ತದ ಒಂದು ಸಂಗತಿ. ಡಿಕ್ಕಿಯಾದ ಕಾರು ಕೊನೆಗೆ ಬರುವುದು ಟಿಂಕರಿಂಗ್ ಶೆಡ್ಡಿಗೆ. ಅಲ್ಲಿ ಗ್ಯಾಸ್ ಟಾರ್ಚಿನಿಂದ ಕಾಸಿ, ಎಳೆದು, ಪಿಲ್ಲರನ್ನು ನೆಟ್ಟಗೆ ಮಾಡುತ್ತಾರೆ. ಮೆದು ಉಕ್ಕಿನ ಕಾಲದಲ್ಲಿ ಕಲಿತ ಕೈ ಅದು, ಅದರಲ್ಲಿ ಅವರ ತಪ್ಪೇನೂ ಇಲ್ಲ. ಆದರೆ ಹಾಗೆ ಕಾಸಿದೊಡನೆ ಅಚ್ಚಿನಲ್ಲಿ ಕೊಟ್ಟ ಹದ ಹಾರಿಹೋಗುತ್ತದೆ. ಬಣ್ಣ ಬಳಿದ ಮೇಲೆ ಗೊತ್ತಾಗುವುದೂ ಇಲ್ಲ, ಗಾಡಿ ಸೆಕೆಂಡ್ ಹ್ಯಾಂಡ್ ಮಾರಾಟವಾಗುತ್ತದೆ. ಆದ್ದರಿಂದ ಈ ಸಮ್ಮೇಳನದ ಮುಂದೆ ನನ್ನದೊಂದು ಪ್ರಸ್ತಾಪವಿದೆ. ಪ್ರತಿ ಮಾದರಿಯ ಕಾರಿನಲ್ಲೂ ಯಾವ ಭಾಗವನ್ನು ಕಾಸಬಾರದು, ಯಾವುದನ್ನು ಕತ್ತರಿಸಿ ಹೊಸದನ್ನೇ ಕೂಡಿಸಬೇಕು ಎಂಬುದನ್ನು ತೋರಿಸುವ ಒಂದು ಹಾಳೆಯ ಚಿತ್ರಪಟವನ್ನು ಕಂಪನಿಗಳು ಕನ್ನಡದಲ್ಲಿ ಕೊಡಬೇಕು. ಬಾಗಿಲು ಕತ್ತರಿಸಿ ಗಾಯಾಳುಗಳನ್ನು ಹೊರಗೆಳೆಯುವ ಅಗ್ನಿಶಾಮಕ ಸಿಬ್ಬಂದಿಗೂ ಅದೇ ಹಾಳೆ ತಲುಪಬೇಕು, ಏಕೆಂದರೆ ಹಳೆಯ ಕಟರುಗಳು ಈ ಉಕ್ಕಿನ ಮುಂದೆ ಸೋಲುತ್ತವೆ. ನಾಳೆಯ ಗೋಷ್ಠಿ ಇದರ ಕರಡನ್ನು ಕೈಗೆತ್ತಿಕೊಳ್ಳಲಿ ಎಂದು ಕೋರುತ್ತೇನೆ.